ಕೊಳದ ಗಡಿಯಾರ

ಯಲಹಂಕವನ್ನು ದಾಟಿ ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿಯ ಕಡೆಗೆ ಹೋಗುವವರಿಗೆ ಹುಣಸಮಾರನಹಳ್ಳಿಯು ಈಗ ಹಳ್ಳಿಯಾಗಿ ತೋರುವುದು ಕಷ್ಟ. 2008ರಲ್ಲಿ ವಿಮಾನನಿಲ್ದಾಣವು ತೆರೆದ ಬಳಿಕ ಈ ಸೀಮೆಯ ಹೊಲಗಳಲ್ಲಿ ಮನೆಗಳೆದ್ದವು. ಕೆಲವು ಮನೆಗಳ ಹಿತ್ತಿಲಲ್ಲಿ ಈಜುಕೊಳಗಳೂ ಆದವು. ಅಂಥ ಒಂದು ಮನೆಯ ಯಜಮಾನರು ವಿಶ್ರಾಂತರಾದ ಉಪಾಧ್ಯಾಯರು. ಕೊಳದ ಆಸೆ ಅವರದಲ್ಲ, ಅಮೆರಿಕದಲ್ಲಿರುವ ಮಗನದು. ಬೇಸಗೆಗೆ ಮಕ್ಕಳನ್ನು ಕರೆತರುವೆನೆಂದು ತಿಳಿಸಿ, ಪಂಪು, ಉಪ್ಪಿನಿಂದ ಕ್ಲೋರೀನು ಮಾಡುವ ಯಂತ್ರ, ಆ ಯಂತ್ರವನ್ನು ಹೊತ್ತುಹೊತ್ತಿಗೆ ನಡೆಸುವ ಗಡಿಯಾರ, ಇಷ್ಟನ್ನೂ ಅಲ್ಲಿಂದಲೇ ಕಳುಹಿಸಿದ್ದನು.

ಆ ಪಂಪಿನ ವೇಗವನ್ನು ಏರಿಸಬಹುದು, ಇಳಿಸಬಹುದು. ವೇಗವನ್ನು ಅರ್ಧಮಾಡಿದರೆ ಹರಿಯುವ ನೀರು ಅರ್ಧವಾಗುವುದು. ತಗಲುವ ಶಕ್ತಿಯಾದರೋ ಲೆಕ್ಕದಂತೆ ಎಂಟರಲ್ಲೊಂದು ಪಾಲಿಗಿಳಿಯುವುದು. ಎರಡರಷ್ಟು ಹೊತ್ತು ಓಡಿಸಿ ಅಷ್ಟೇ ನೀರನ್ನು ಸೋಸಿದರೂ ಖರ್ಚು ಕಾಲುಭಾಗ. ಉಪಾಧ್ಯಾಯರಿಗೆ ಇದು ಬಹಳ ಮೆಚ್ಚಿಕೆಯಾಯಿತು. ನಿಧಾನದಿಂದ ಹಣ ಉಳಿಯುವ ಪ್ರಸಂಗಗಳು ಲೋಕದಲ್ಲಿ ಅಪರೂಪವಷ್ಟೆ.

ಇನ್ನು ಉಪ್ಪಿನ ಯಂತ್ರ. ಲೀಟರಿಗೆ ಮೂರುನಾಲ್ಕು ಗ್ರಾಮಿನಂತೆ ಉಪ್ಪು ಬೆರೆತ ನೀರು ಟೈಟೇನಿಯಂ ತಗಡುಗಳ ನಡುವೆ ಹಾಯುವಾಗ ವಿದ್ಯುತ್ತು ಆ ಉಪ್ಪನ್ನು ಒಡೆದು ಕ್ಲೋರೀನನ್ನು ಹುಟ್ಟಿಸುತ್ತದೆ. ಪಾಚಿಯನ್ನೂ ಕ್ರಿಮಿಗಳನ್ನೂ ಕೊಂದಮೇಲೆ ಅದು ಬಹುಮಟ್ಟಿಗೆ ಮರಳಿ ಉಪ್ಪೇ ಆಗುವುದು. ಆದರೆ ಕ್ಲೋರೀನಿನ ಜೊತೆಗೆ ಹೈಡ್ರೋಜನ್ ಅನಿಲವೂ ಹುಟ್ಟುತ್ತದೆ. ನೀರು ಹರಿಯುತ್ತಿದ್ದರೆ ಅದು ಗುಳ್ಳೆಯಾಗಿ ಕೊಳವನ್ನು ಸೇರಿ ಗಾಳಿಗೆ ಹೋಗಿಬಿಡುವುದು. ನೀರು ನಿಂತಿದ್ದರೆ ಕೊಳವೆಯ ನೆತ್ತಿಯಲ್ಲಿ ಕೂಡಿಕೊಳ್ಳುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಡಿ ತಗಲಿದರೆ ಸಿಡಿಯುವುದು.

ಹಳೆಯ ಬಗೆಯ ಪಂಪುಗಳಲ್ಲಿ ಒಂದೇ ಗಡಿಯಾರವು ಪಂಪಿಗೂ ಯಂತ್ರಕ್ಕೂ ಒಟ್ಟಿಗೆ ವಿದ್ಯುತ್ತನ್ನು ಕೊಟ್ಟು ಒಟ್ಟಿಗೆ ಕಡಿಯುತ್ತಿತ್ತು. ಈ ಹೊಸ ಪಂಪಿಗೆ ತನ್ನದೇ ಗಡಿಯಾರವು ಹೊಟ್ಟೆಯೊಳಗಿರುವುದರಿಂದ ವಿದ್ಯುತ್ತು ಸದಾ ಇರಬೇಕು. ಆದ್ದರಿಂದ ಎಲೆಕ್ಟ್ರೀಷಿಯನ್ನನು ಪಂಪಿಗೆ ನೇರವಾಗಿ ತಂತಿ ಕೊಟ್ಟು, ಅಮೆರಿಕದ ಗಡಿಯಾರದ ಮೂಲಕ ಯಂತ್ರಕ್ಕೆ ಬೇರೆ ತಂತಿಯೆಳೆದನು. ಪಂಪು ಬೆಳಗ್ಗೆ 8ರಿಂದ ಸಂಜೆ 6ರವರೆಗೆ. ಯಂತ್ರವು 10ರಿಂದ 4ರವರೆಗೆ. ಸೋಮವಾರ 10 ಗಂಟೆಗೆ ಎಲ್ಲವೂ ಸರಿಯಾಗಿ ನಡೆಯಿತು.

ವಾರದ ನಡುವೆಯೇ ನೀರು ಎಳೆಹಸುರಿಗೆ ತಿರುಗಿತು. ಬರಿದುಮಾಡಿ ಹೊಸನೀರು ತುಂಬಿಸಿರೆಂದು ನೆರೆಯವರು ಹೇಳಿದರು. ಕೊಳವು 60 ಸಾವಿರ ಲೀಟರಿನದು. 6 ಸಾವಿರದ ಟ್ಯಾಂಕರಿನಲ್ಲಿ ಹತ್ತು. ಈಜುಕೊಳಕ್ಕೆ ಕುಡಿಯುವ ನೀರನ್ನು ಬಳಸಿದರೆ 5,000 ರೂಪಾಯಿ ದಂಡವೆಂದು ಬೆಂಗಳೂರು ಜಲಮಂಡಳಿಯು 2024ರ ಮಾರ್ಚಿಯಲ್ಲಿ ಆಜ್ಞೆ ಹೊರಡಿಸಿದ್ದ ಆ ಬೇಸಗೆಯನ್ನು ಕಂಡಿದ್ದ ಉಪಾಧ್ಯಾಯರಿಗೆ ಮನಸ್ಸು ಒಪ್ಪಲಿಲ್ಲ. ಭಾನುವಾರ ಎಲೆಕ್ಟ್ರೀಷಿಯನ್ನನು ಬಂದು ನೋಡಿದನು. ಸರಿಯಾಗಿ 10 ಗಂಟೆಗೆ ಯಂತ್ರವು ಹತ್ತಿಕೊಂಡಿತು. ತಪ್ಪೇನೂ ಕಾಣದೆ ಹೊರಟುಹೋದನು.

ಮಂಗಳವಾರ ರಾತ್ರಿ ಎಂಟಕ್ಕೆ, ಬೇರೇನೋ ಕೆಲಸಕ್ಕೆಂದು ಬಂದಿದ್ದವನು ಪಂಪಿನ ಕೋಣೆಗೆ ಇಣಿಕಿದನು. ಪಂಪು ನಿಂತಿದೆ, ಯಂತ್ರದ ಹಸುರು ದೀಪ ಉರಿಯುತ್ತಿದೆ. ಪಾರಕವಾದ ಕೊಳವೆಯೊಳಗೆ ನೀರು ತಗ್ಗಿ ಮೇಲೆ ನಾಲ್ಕು ಬೆರಳು ಬರಿದಾಗಿದೆ. ಹಿಂದೆಯೇ ಕಾವಲುಗಾರನು ಬೀಡಿ ಸೇದುತ್ತ ಬರುತ್ತಿದ್ದನು.

“ಅಲ್ಲೇ ನಿಲ್ಲು! ಬೀಡಿ ಆರಿಸು!” ಎಂದು ಕೂಗಿ, ಕೋಣೆಯ ಸ್ವಿಚ್ಚನ್ನು ಮುಟ್ಟದೆ ಓಡಿಹೋಗಿ ಮನೆಯ ಮೀಟರಿನ ಬಳಿ ಮೇನನ್ನೇ ತೆಗೆದನು.

ನೀರು ನಿಂತರೆ ಯಂತ್ರವನ್ನು ತಡೆಯಬೇಕಾದ ಚಿಕ್ಕ ರೆಕ್ಕೆಯೊಂದು ಕೊಳವೆಯಲ್ಲಿ ಇದ್ದೇ ಇತ್ತು. ಕಟ್ಟಡದ ಕೆಲಸದಲ್ಲಿ ಉಳಿದ ಗಾರೆಯ ಚೂರೊಂದು ಅದಕ್ಕೆ ಸಿಕ್ಕಿಕೊಂಡು, ರೆಕ್ಕೆಯು ನೀರು ಹರಿಯುತ್ತಿದೆಯೆಂದೇ ಹೇಳುತ್ತಿತ್ತು. ಅದು ಸರಿ, ಆದರೆ ಯಂತ್ರವು ರಾತ್ರಿ ಹೊತ್ತಿಕೊಂಡುದೇಕೆ? ಗಡಿಯಾರದ ಬೆನ್ನಿನ ಮೇಲೆ “240 ವೋಲ್ಟು, 60 ಸೈಕಲ್” ಎಂದಿತ್ತು. ವೋಲ್ಟೇನೋ ಹೊಂದಿತು, ನಮ್ಮ ವಿದ್ಯುತ್ತು 50 ಸೈಕಲಿನದು. ಪಂಪು ತನಗೆ ಬೇಕಾದ ಸೈಕಲನ್ನು ತಾನೇ ಮಾಡಿಕೊಳ್ಳುತ್ತದೆ. ಗಡಿಯಾರದ ಪುಟ್ಟ ಮೋಟಾರಾದರೋ ಬಂದ ಸೈಕಲಿಗೆ ತಕ್ಕಂತೆ ತಿರುಗುವುದು.

“ಮೇಷ್ಟ್ರೇ, ಇದು ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತೆ,” ಎಂದನು ಎಲೆಕ್ಟ್ರೀಷಿಯನ್ನನು.

“ತಾಳಪ್ಪ,” ಎಂದು ಉಪಾಧ್ಯಾಯರು ತ್ರೈರಾಶಿಕ ಹಾಕಿದರು. ಗಡಿಯಾರದ ಒಂದು ದಿನವೆಂದರೆ ನಮ್ಮ 28 ಗಂಟೆ 48 ನಿಮಿಷ. ಸೋಮವಾರ 10ಕ್ಕೆ ಹತ್ತಿದುದು ಮಂಗಳವಾರ ಮಧ್ಯಾಹ್ನ 2-48ಕ್ಕೆ, ಬುಧವಾರ ರಾತ್ರಿ 7-36ಕ್ಕೆ. ಅದರ ಐದು ದಿನಕ್ಕೆ ನಮ್ಮ ಆರು ದಿನ. ಆದ್ದರಿಂದಲೇ ಪರೀಕ್ಷೆಯ ಭಾನುವಾರ ಅದು ನಿರಪರಾಧಿಯಂತೆ 10ಕ್ಕೇ ಎದ್ದಿತು! ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹೋದ ವಿದ್ಯುತ್ತು 25 ಸೈಕಲಿನದಾಗಿತ್ತು; ಆ ತಂತಿಗೆ ಕಟ್ಟಿದ್ದರೆ ಈ ಗಡಿಯಾರಕ್ಕೆ ದಿನವೊಂದು ಎರಡು ದಿನವನ್ನೂ ಮೀರುತ್ತಿತ್ತು.

ಇಲ್ಲಿಯದೇ ಗಡಿಯಾರವನ್ನು ತಂದು ಹಾಕಿದರೆ ಸಾಕೆಂದು ಉಪಾಧ್ಯಾಯರ ಎಣಿಕೆ. ಎಲೆಕ್ಟ್ರೀಷಿಯನ್ನನು ಒಪ್ಪಲಿಲ್ಲ. ಗಡಿಯಾರಕ್ಕೆ ಹೊತ್ತು ಗೊತ್ತಾಗುವುದೇ ಹೊರತು ನೀರು ಗೊತ್ತಾಗದು. ಪಂಪು ಕೆಟ್ಟು ನಿಂತರೆ ಅದು ತನ್ನ ಪಾಡಿಗೆ ತಾನು ನಡೆಯುವುದು. ಪಂಪಿನ ಮೋಟಾರು ತಿರುಗುವಾಗ ಮಾತ್ರ ಕೂಡಿಕೊಳ್ಳುವ ರಿಲೇಯೊಂದು ಪಂಪಿನಲ್ಲೇ ಇದ್ದಿತು. ಅದರಿಂದ ಒಂದು ಕಾಂಟ್ಯಾಕ್ಟರನ್ನು ನಡೆಸಿ, ಯಂತ್ರದ ತಂತಿಯನ್ನು ಅದರ ಮೂಲಕ ಹಾಯಿಸಿದನು. ರೆಕ್ಕೆಯನ್ನು ಶುದ್ಧಮಾಡಿ, ಪಂಪಿನ ಅರ್ಧವೇಗದಲ್ಲಿಯೂ ಅದು ಅಲುಗುವುದೆಂದು ಕಂಡುಕೊಂಡನು. ಎಲ್ಲಕ್ಕೂ ಮೇಲೆ 30 ಮಿಲಿಆಂಪಿಯರಿನ ಸೋರಿಕೆಗೇ ಕಡಿದುಬಿಡುವ ಸ್ವಿಚ್ಚನ್ನು ಇಟ್ಟನು. ಬಳಿಕ, ಯಂತ್ರವು ನಡೆಯುತ್ತಿರುವಾಗಲೇ ಪಂಪನ್ನು ಮೂರು ಸಾರಿ ನಿಲ್ಲಿಸಿದನು. ಮೂರು ಸಾರಿಯೂ ಹಸುರು ದೀಪ ಆರಿತು.

ನೀರು ತಿಳಿಯಾಗಲು ಐದು ದಿನ ಹಿಡಿಯಿತು. ಮಗನಿಗೆ ಸಂಗತಿಯನ್ನೆಲ್ಲ ತಿಳಿಸಿದ ಉಪಾಧ್ಯಾಯರು ಬೀಡಿಯ ಮಾತನ್ನು ಮಾತ್ರ ಹೇಳಲಿಲ್ಲ.