ಕಂತೆಯೂ ಹೊರೆಯೂ

ಪಟ್ಟಣದ ಗೃಹಿಣಿಗೆ ಸೊಪ್ಪಿನ ಕಟ್ಟು ಗೊತ್ತು; ಗೃಹಸ್ಥನಿಗೆ ಹಳೆಯ ಪತ್ರಿಕೆಗಳ ಕಂತೆ ಗೊತ್ತು. ಹೊರೆಯೆಂದೊಡನೆ ಇಬ್ಬರಿಗೂ ನೆನಪಾಗುವುದು ಹುಲ್ಲಲ್ಲ, ಸೌದೆಯಲ್ಲ. ಮನೆ ಬಾಡಿಗೆ, ಮಕ್ಕಳ ಶುಲ್ಕ, ಸರಕಾರದ ತೆರಿಗೆ. ಕಂತೆಗೂ ಹೊರೆಗೂ ಏನು ವ್ಯತ್ಯಾಸವೆಂದು ಯಾರಾದರೂ ಕೇಳಿದರೆ, "ಒಂದು ಸಣ್ಣ ಕಟ್ಟು, ಇನ್ನೊಂದು ದೊಡ್ಡ ಕಟ್ಟು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಉತ್ತರ ತಪ್ಪೇನೂ ಅಲ್ಲ. ಆದರೆ ಅಷ್ಟನ್ನೇ ನಂಬಿದ್ದ ಗೃಹಸ್ಥರೊಬ್ಬರು ಅರವತ್ತು ವರ್ಷಗಳ ಹಿಂದೆ ಹೇಮಗಿರಿಯ ಬಯಲಿನಲ್ಲಿ ತಲೆ ತಗ್ಗಿಸಬೇಕಾಯಿತು.

ಹೇಮಗಿರಿ ಇರುವುದು ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ, ಹೇಮಾವತಿಯ ದಡದಲ್ಲಿ. ಅಲ್ಲಿ ಹೊಳೆಗೆ ಅಡ್ಡಲಾಗಿ ಕಟ್ಟೆ. ಕಟ್ಟೆಯಿಂದ ಹೊರಟ ನಾಲೆ. ನಾಲೆಯ ಕೆಳಗೆ ಬತ್ತದ ಗದ್ದೆಗಳು. ಮಾಘಮಾಸದ ರಥಸಪ್ತಮಿ ಬಂತೆಂದರೆ ವೆಂಕಟರಮಣಸ್ವಾಮಿಯ ಜಾತ್ರೆ. ಅದರೊಡನೆ ದನಗಳ ಪರಿಷೆ. ಕೊಂಬು ಹಿಂದಕ್ಕೆ ಬಾಗಿದ ಹಳ್ಳಿಕಾರ್ ಜೋಡಿಗಳನ್ನು ನೋಡುವುದಕ್ಕೆಂದೇ ದೂರದಿಂದ ಜನ ಬರುತ್ತಾರೆ.

ಈ ಗೃಹಸ್ಥರು ಮೈಸೂರಿನ ಒಂದು ಕಚೇರಿಯಲ್ಲಿ ಗುಮಾಸ್ತರು. ಹಿಂದಿನ ವರ್ಷ ತಂದೆ ತೀರಿಕೊಂಡು, ನಾಲೆಯ ಬಯಲಿನ ಗದ್ದೆ ಇವರ ಪಾಲಿಗೆ ಬಂದಿತ್ತು. ತಂದೆಯ ಲೆಕ್ಕದ ಪುಸ್ತಕದಲ್ಲಿ "ನೀರಗಂಟಿಗೆ ಹುಲ್ಲು, ಹೊರೆ" ಎಂದು ವರ್ಷವರ್ಷವೂ ಬರೆದಿತ್ತು. ಎದುರಿನ ಅಂಕಣ ಮಾತ್ರ ಖಾಲಿ. ಲೆಕ್ಕದವರ ಕಣ್ಣಿಗೆ ಖಾಲಿ ಅಂಕಣ ಸಹಿಸದು. ವೃದ್ಧರು ಮರೆತಿರಬೇಕೆಂದುಕೊಂಡು ಮಗ ಅಚ್ಚುಕಟ್ಟಾಗಿ "ಕಂತೆ, 1" ಎಂದು ತುಂಬಿಸಿ, ಹಾಗೆಯೇ ಊರಿಗೆ ಪತ್ರವನ್ನೂ ಬರೆದರು. ಜಾತ್ರೆಗೆಂದು ಬಂದವರು ಹುಲ್ಲು ಹಂಚುವಾಗ ಕಣದಲ್ಲಿ ಕುಳಿತೂ ಇದ್ದರು.

ನೀರಗಂಟಿ ಎಂದರೆ ತೂಬು ಎತ್ತಿ, ಗದ್ದೆಯಿಂದ ಗದ್ದೆಗೆ ನೀರು ಹಂಚುವವನು. ಊರು ಮಲಗಿರುವಾಗ ಲಾಂದ್ರ ಹಿಡಿದು ಬದುಗಳ ಮೇಲೆ ತಿರುಗುವ ಕೆಲಸ. ಹಿಂದೆ ಕಮ್ಮಾರ, ಬಡಗಿ, ಅಗಸ, ತೋಟಿ, ತಳವಾರರಂತೆ ಅವನಿಗೂ ಸಂಬಳ ಸಲ್ಲುತ್ತಿದ್ದುದು ಸುಗ್ಗಿಯ ಕಣದಲ್ಲಿ, ಆಯದ ರೂಪದಲ್ಲಿ. 1961ರ ಕಾಯಿದೆ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಮಾಡಿತು. ಅಧಿಕಾರ ಹೋಯಿತು, ಆದರೆ ನೀರು ಹಾಯಿಸುವ ಕೆಲಸ ಹೋಗಲಿಲ್ಲ. ಕೆಲಸವಿದ್ದಷ್ಟು ದಿನ ಕೆಲವು ಮನೆಗಳು ಪದ್ಧತಿಯನ್ನೂ ಉಳಿಸಿಕೊಂಡಿದ್ದವು.

ಮುದುಕ ನೀರಗಂಟಿ ಹೆಗಲ ಮೇಲೆ ಉದ್ದನೆಯ ಹಗ್ಗ ಹಾಕಿಕೊಂಡು ಬಂದ. ಅವನ ಮುಂದೆ ಒಂದು ಕಂತೆ ಇಟ್ಟರು. ಅವನು ಅದನ್ನು ನೋಡಿದ, ಹಗ್ಗವನ್ನು ನೋಡಿದ. "ಹಗ್ಗ ಜಾಸ್ತಿ ಆಯ್ತು, ಬುದ್ದಿ" ಎಂದಷ್ಟೇ ಹೇಳಿ, ಕಂತೆಯನ್ನು ಮುಟ್ಟದೆ, ಹಗ್ಗವನ್ನು ಮತ್ತೆ ಹೆಗಲಿಗೇರಿಸಿ ಹೊರಟ.

ಒಳಗಿನಿಂದ ನೋಡುತ್ತಿದ್ದ ತಾಯಿ ಹೊರಗೆ ಬಂದರು. "ಏನಪ್ಪಾ ಇದು? ನಿಮ್ಮಪ್ಪ ಕೊಡುತ್ತಿದ್ದುದು ಹೊರೆ. ಕಂತೆ ಕಟ್ಟುವವನ ಕೈಯ ಅಳತೆ. ಹೊರೆ ಹೊರುವವನ ತಲೆಯ ಅಳತೆ. ಎಷ್ಟೆಂದು ನಾವು ಬರೆಯುವುದಕ್ಕೆ ನಮಗೇನು ಗೊತ್ತು?" ಎಂದರು.

ಆ ತಾಯಿ ವ್ಯಾಕರಣ ಓದಿದವರಲ್ಲ. ಆದರೂ ಹೇಳಿದ್ದು ಶುದ್ಧ ವ್ಯಾಕರಣ. 'ಹೊರು' ಎಂಬ ಕ್ರಿಯೆಯಿಂದ ಹುಟ್ಟಿದ ಪದ 'ಹೊರೆ', ಹೊರುವವನಿಲ್ಲದೆ ಹೊರೆಯಿಲ್ಲ. ಕಂತೆಯನ್ನು ಅದೇ ಹುಲ್ಲಿನ ಹುರಿಯಿಂದ ಬಿಗಿದು ಯಾರು ಬೇಕಾದರೂ ಎಣಿಸಬಹುದು. ಹೊರೆಯ ಹಗ್ಗವನ್ನು ಹೊರುವವನೇ ತರಬೇಕು. ಹಳಗನ್ನಡದಲ್ಲಿ ಈ ಮಾತು 'ಪೊಱೆ', ಶಕಟರೇಫದಿಂದ ಕೂಡಿದ್ದು. ಕಾಪಾಡು, ಸಲಹು ಎಂಬ ಅರ್ಥದ 'ಪೊರೆ' ಸಾಮಾನ್ಯ ರಕಾರದ್ದು. ಹೊಸಗನ್ನಡದಲ್ಲಿ ಱಕಾರ ಮರೆಯಾಗಿ ಎರಡು ಅಕ್ಷರಗಳು ಒಂದಾದವು. ಅಕ್ಷರಗಳು ಒಂದಾದರೆ ಭಾಷೆಗೆ ಅಷ್ಟೇನೂ ನಷ್ಟವಿಲ್ಲ. ಅಳತೆಗಳು ಒಂದಾದರೆ ಯಾರದೋ ಕೊಟ್ಟಿಗೆಯಲ್ಲಿ ಮೇವು ಬೇಸಿಗೆಗೆ ಮುಂಚೆಯೇ ಮುಗಿಯುತ್ತದೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂಬ ಲೆಕ್ಕವನ್ನು 1956ರ ತೂಕ ಅಳತೆಗಳ ಕಾಯಿದೆಯ ನಂತರ ಕಿಲೋಗ್ರಾಂ ಹಿಂದಕ್ಕೆ ಸರಿಸಿತು. ಹೊರೆಯನ್ನು ಮಾತ್ರ ಅದು ಮುಟ್ಟಲಾರದೆ ಹೋಯಿತು. ಮನುಷ್ಯನ ಕತ್ತಿಗೆ ಸರಕಾರಿ ಮುದ್ರೆ ಒತ್ತುವುದು ಹೇಗೆ?

ಗೃಹಸ್ಥರು ಚಪ್ಪಲಿಯನ್ನೂ ಮೆಟ್ಟದೆ ಓಡಿಹೋಗಿ ಮುದುಕನನ್ನು ಕರೆತಂದರು. ಅವನು ಹಗ್ಗ ಹಾಸಿ, ಕಂತೆಯ ಮೇಲೆ ಕಂತೆ ಇಟ್ಟು, ಏಳನೆಯದನ್ನೂ ಇಟ್ಟು ಬಿಗಿದ. ಸಿಂಬೆ ಸರಿಪಡಿಸಿಕೊಂಡು ಎತ್ತಲು ನೋಡಿದ, ಮೊಣಕಾಲು ನಡುಗಿತು. ಕೆಳಗಿಳಿಸಿ, ಒಂದು ಕಂತೆಯನ್ನು ತಾನೇ ತೆಗೆದು ಪಕ್ಕಕ್ಕಿಟ್ಟ.

"ಹೋದ ವರ್ಷ ಎಂಟು ಹೊತ್ತಿದ್ದೆ, ಬುದ್ದಿ" ಎಂದ.

"ಮಿಕ್ಕಿದ್ದನ್ನು ಗಾಡಿಯಲ್ಲಿ ಕಳಿಸುತ್ತೇನೆ" ಎಂದರು ಗೃಹಸ್ಥರು.

"ಬ್ಯಾಡಿ. ಗಾಡೀಲಿ ಬಂದ್ರೆ ಅದು ಹೊರೆ ಆಗಕಿಲ್ಲ, ದಾನ ಆಯ್ತದೆ."

ಗೃಹಸ್ಥರಿಗೆ ಉತ್ತರ ಹೊಳೆಯಲಿಲ್ಲ. ಮತ್ತೆ ಮಾತನಾಡಿದವರು ತಾಯಿಯೇ: "ರಾತ್ರಿ ನೀರಿಗೆ ನಿನ್ನ ಜೊತೆ ಮೊಮ್ಮಗನೂ ಬರುತ್ತಾನಲ್ಲ, ಅವನ ಹೊರೆ ಎಲ್ಲಿ? ನಾಳೆ ಹಗ್ಗ ಕೊಟ್ಟು ಕಳಿಸು." ಮುದುಕ ಸ್ವಲ್ಪ ಹೊತ್ತು ಯೋಚಿಸಿ, "ಅದು ಸರಿ ಅವ್ವ" ಎಂದು ಹೊರೆಗೆ ಬಾಗಿದ. ಹುಲ್ಲನ್ನು ತಲೆಯವರೆಗೆ ಎತ್ತಿಕೊಟ್ಟವರು ಮೈಸೂರಿನ ಗುಮಾಸ್ತರೇ. ಆರು ಕಂತೆಗಳ ಭಾರ ಎಷ್ಟೆಂಬುದು ಅವರ ಕೈಗಳಿಗೆ ತಿಳಿದದ್ದು ಅಂದೇ ಮೊದಲು.

ಆ ರಾತ್ರಿ ಲೆಕ್ಕದ ಪುಸ್ತಕದಲ್ಲಿ 'ಕಂತೆ' ಎಂಬುದನ್ನು ಹೊಡೆದುಹಾಕಿ, 'ಹೊರೆ' ಎಂದು ಎರಡು ಸಾಲು ಬರೆದರು: ಅಜ್ಜನದೊಂದು, ಮೊಮ್ಮಗನದೊಂದು. ಎದುರಿನ ಅಂಕಣವನ್ನು ತಂದೆಯಂತೆಯೇ ಖಾಲಿ ಬಿಟ್ಟರು.