ಕಿತ್ತೂರ ಕೋಟೆಗೆ ಮಕ್ಕಳೊಡನೆ

ಧಾರವಾಡದಿಂದ ಬೆಳಗಾವಿಯ ಹೆದ್ದಾರಿ ಹಿಡಿದು, ತೇಗೂರನ್ನು ದಾಟಿ ಮುಂದೆ ಸಾಗಿದರೆ ಕಿತ್ತೂರು ಬರುತ್ತದೆ. ಕುದುರೆಯನ್ನೇರಿ ಖಡ್ಗವನ್ನೆತ್ತಿದ ರಾಣಿ ಚೆನ್ನಮ್ಮನ ಪ್ರತಿಮೆಯನ್ನು ಕಂಡು ಕೈಮುಗಿದು ಊರೊಳಗೆ ನಡೆದವರಿಗೆ ಕೋಟೆ ಎದುರಾಗುತ್ತದೆ. ಪ್ರತಿಮೆಯ ವೈಭವವನ್ನು ಮನಸ್ಸಿನಲ್ಲಿಟ್ಟುಕೊಂಡು ಒಳಹೊಕ್ಕವರಿಗೆ ಮೊದಲ ನೋಟಕ್ಕೆ ನಿರಾಶೆಯಾಗುವುದು ಸಹಜ. ಮಾಡಿಲ್ಲದ ಗೋಡೆಗಳು, ಮೊಣಕಾಲೆತ್ತರಕ್ಕೆ ಉಳಿದ ಕೋಣೆಗಳ ಅಡಿಪಾಯ, ಬಾಯಿ ತೆರೆದ ಬಾವಿ, ಕಂದಕದ ಕುರುಹು. 17ನೆಯ ಶತಮಾನದಲ್ಲಿ ಅಲ್ಲಪ್ಪಗೌಡ ಸರದೇಸಾಯಿಯು ಕಟ್ಟಿಸಿದನೆನ್ನಲಾದ ಈ ಕೋಟೆಯಲ್ಲಿ ಅರಮನೆಯ ಊಟದ ಮನೆ ಯಾವುದು, ಜಳಕದ ಮನೆ ಯಾವುದು ಎಂಬುದನ್ನು ತೋರಿಸುವವರಿದ್ದರೆ ಮಾತ್ರ ತಿಳಿಯುತ್ತದೆ. ಧ್ರುವನಕ್ಷತ್ರವನ್ನು ನೋಡಲೆಂದು ಗೋಡೆಯಲ್ಲಿ ಅಳವಡಿಸಿದ ಕಿಂಡಿಯೊಂದಿದೆ. ದೊಡ್ಡವರು ಅದರಲ್ಲಿ ಇಣುಕಿ ಮುಂದೆ ಹೋಗುತ್ತಾರೆ. ಮಕ್ಕಳು ಸರದಿಯಲ್ಲಿ ನಿಂತು ಎರಡೆರಡು ಸಲ ನೋಡುತ್ತಾರೆ.

ಕಿತ್ತೂರನ್ನು ನಾನು ಹತ್ತಾರು ಸಲ ನೋಡಿದ್ದೇನೆ. ಆದರೆ ಕಳೆದ ಸಲ ನಮ್ಮ ಊರಿನ ಮೂರು ಮನೆತನಗಳ ಹನ್ನೊಂದು ಮಕ್ಕಳನ್ನು ಕರೆದುಕೊಂಡು ಹೋದಾಗ ಕೋಟೆಯೇ ಬೇರೆಯಾಗಿ ಕಂಡಿತು. ಕಾರಣವಿಷ್ಟೆ: ಆ ಹುಡುಗರೆಲ್ಲರೂ ಹೊರಡುವ ಮುನ್ನ ಚೆನ್ನಮ್ಮನ ಕಥೆಪುಸ್ತಕವೊಂದನ್ನು ಓದಿ ಮುಗಿಸಿದ್ದರು. ನಮಗೆ ಮುರಿದ ಗೋಡೆ ಕಂಡಲ್ಲಿ ಅವರಿಗೆ ದರ್ಬಾರು ಕಾಣುತ್ತಿತ್ತು. “ಥ್ಯಾಕರೆ ಎಲ್ಲಿ ನಿಂತಿದ್ದ?” ಎಂದು ಬಾಗಿಲ ಬಳಿ ಬಂದೊಡನೆ ಒಬ್ಬ ಕೇಳಿದ. ಪಠ್ಯಪುಸ್ತಕದ ಪಾಠವನ್ನು ಮಾತ್ರ ಓದಿ ಬಂದ ಮಗು ಈ ಪ್ರಶ್ನೆಯನ್ನು ಕೇಳುವುದನ್ನು ನಾನು ಕಂಡಿಲ್ಲ. ಪಾಠದಲ್ಲಿ ಇಸವಿ ಇರುತ್ತದೆ, ನಿಂತ ಜಾಗ ಇರುವುದಿಲ್ಲ.

ನಮ್ಮ ನಾಡಿನ ಮನೆಗಳಿಗೆ ಇಂಥ ಓದು ಹೊಸದೇನಲ್ಲ. 1967ರಲ್ಲಿ ಅನಂತ ಪೈ ಅವರು ಆರಂಭಿಸಿದ ಅಮರ ಚಿತ್ರಕಥೆಗಳು, ಅನಂತರ 1970ರ ದಶಕದಲ್ಲಿ ಎಲ್. ಎಸ್. ಶೇಷಗಿರಿರಾವ್ ಅವರ ಸಂಪಾದಕತ್ವದಲ್ಲಿ ಹೊರಬಂದ ಭಾರತ-ಭಾರತಿ ಪುಸ್ತಕ ಸಂಪದದ 510 ಕಿರುಹೊತ್ತಗೆಗಳು ಎರಡು ತಲೆಮಾರಿನ ಕನ್ನಡ ಮಕ್ಕಳಿಗೆ ಇತಿಹಾಸದ ಪ್ರವೇಶದ್ವಾರಗಳಾದವು. ಆದರೆ ಭಾರತ-ಭಾರತಿಯ ಹೊತ್ತಗೆಗಳು ಮಹನೀಯರ ಜೀವನಚರಿತ್ರೆಗಳು. ಕಥೆಯ ಮಾರ್ಗ ಬೇರೆ. ಅದು ಚರಿತ್ರೆಯಲ್ಲಿ ಹೆಸರಿಲ್ಲದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕಲ್ಪಿಸಿಕೊಂಡು, ಅವರ ಕಣ್ಣಿನಿಂದ ಕೋಟೆಯನ್ನು ತೋರಿಸುತ್ತದೆ. ಲಾಯದಲ್ಲಿ ಕುದುರೆಗೆ ಹುಲ್ಲು ಹಾಕುವ ಹುಡುಗ ರಾಣಿಯನ್ನು ದೂರದಿಂದ ಕಾಣುತ್ತಾನೆ. ಓದುವ ಮಗುವೂ ಅವನ ಪಕ್ಕದಲ್ಲಿ ನಿಂತು ಕಾಣುತ್ತದೆ. ಇಂಥ ಕಲ್ಪಿತ ಬಾಲಕನಿಂದ ಚರಿತ್ರೆಗೆ ಯಾವ ಹಾನಿಯೂ ಇಲ್ಲವೆಂಬುದು ನನ್ನ ಅಭಿಪ್ರಾಯ. ಹಾನಿಯಾಗುವುದು ನಿಜವಾಗಿ ಬದುಕಿದ್ದವರ ಬಾಯಲ್ಲಿ ನಾವು ಮಾತುಗಳನ್ನು ತುರುಕಿದಾಗ.

ಇದಕ್ಕೆ ಕಿತ್ತೂರಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ನಮ್ಮ ಶಾಲೆಗಳ ವಾರ್ಷಿಕೋತ್ಸವದಲ್ಲಿ ಹಸಿರು ಸೀರೆಯುಟ್ಟು, ರಟ್ಟಿನ ಕತ್ತಿ ಹಿಡಿದ ಯಾವ ಹುಡುಗಿಯನ್ನಾದರೂ ಕೇಳಿರಿ, ಕಪ್ಪ ಕೊಡೆನೆಂಬ ಆ ವೀರಭಾಷಣವನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾಳೆ. ಆ ಭಾಷಣವನ್ನು ಮನೆಮಾತಾಗಿಸಿದ್ದು 1961ರಲ್ಲಿ ಬಿ. ಆರ್. ಪಂತುಲು ಅವರು ನಿರ್ದೇಶಿಸಿ, ಬಿ. ಸರೋಜಾದೇವಿಯವರು ರಾಣಿಯಾಗಿ ಅಭಿನಯಿಸಿದ ಚಲನಚಿತ್ರ. ಅದೇ ನಿರ್ದೇಶಕರು ಎರಡು ವರ್ಷ ಮೊದಲು ತಮಿಳಿನಲ್ಲಿ ತೆಗೆದ ವೀರಪಾಂಡ್ಯ ಕಟ್ಟಬೊಮ್ಮನ್ ಚಿತ್ರವನ್ನು ನೋಡಿದವರಿಗೆ ಎರಡರ ಕಪ್ಪದ ದೃಶ್ಯಗಳೂ ಒಂದೇ ಮನೆಯ ಅಕ್ಕತಂಗಿಯರಂತೆ ತೋರುತ್ತವೆ. ದೃಶ್ಯ ಸೊಗಸಾಗಿದೆ, ಮೈ ನವಿರೇಳಿಸುತ್ತದೆ. ಆದರೆ 1824ರ ವ್ಯಾಜ್ಯ ಕಪ್ಪದ್ದಾಗಿರಲಿಲ್ಲ.

ಪೇಶ್ವೆಯ ಆಳ್ವಿಕೆ 1818ರಲ್ಲಿ ಕೊನೆಗೊಂಡ ಬಳಿಕ ಕಿತ್ತೂರು ಸಂಸ್ಥಾನವು ಕಂಪನಿಗೆ ಕಪ್ಪ ಸಲ್ಲಿಸುವ ಕರಾರಿನ ಮೇಲೆಯೇ ಉಳಿದಿತ್ತು. ಮಲ್ಲಸರ್ಜ ದೇಸಾಯಿ 1816ರಲ್ಲಿಯೇ ತೀರಿಕೊಂಡಿದ್ದ. ಅವನ ಮಗ ಶಿವಲಿಂಗರುದ್ರಸರ್ಜನು 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ಅಸುನೀಗಿದ. ಆ ಸಂದರ್ಭದಲ್ಲಿ ಮಾಸ್ತಮರಡಿಯ ಗೌಡರ ಮನೆಯ ಹುಡುಗನನ್ನು ದತ್ತು ಸ್ವೀಕರಿಸಲಾಯಿತು. ಧಾರವಾಡದ ಕಲೆಕ್ಟರನೂ ರಾಜಕೀಯ ಏಜೆಂಟನೂ ಆಗಿದ್ದ ಸೇಂಟ್ ಜಾನ್ ಥ್ಯಾಕರೆಯು ಈ ದತ್ತಕವನ್ನು ಒಪ್ಪದೆ, ಭಂಡಾರಕ್ಕೆ ಮುದ್ರೆಯೊತ್ತಿಸಿ, ಕೋಟೆಯಲ್ಲಿ ಕಾವಲಿರಿಸಿದ. ಜಗಳ ಹುಟ್ಟಿದ್ದು ಇಲ್ಲಿ. ಮಗನನ್ನು ಕಳೆದುಕೊಂಡ ಮನೆಯಲ್ಲಿ ಸೂತಕ ಕಳೆಯುವ ಮೊದಲೇ ಪರಕೀಯನೊಬ್ಬ ಬಂದು ಉತ್ತರಾಧಿಕಾರಿಯನ್ನು ನಿರ್ಧರಿಸುವವನು ನಾನೆಂದರೆ ಆ ಮನೆಯ ಹಿರಿಯಳಿಗೆ ಏನೆನಿಸಬೇಕು? ಕಪ್ಪದ ಭಾಷಣಕ್ಕಿಂತ ಈ ಸಂಗತಿಯು ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ದತ್ತಕವೆಂದರೇನೆಂದು ನಮ್ಮ ಕುಟುಂಬಗಳ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೆಲವು ಕಥೆಗಳು ಡಾಲ್‌ಹೌಸಿಯ “ದತ್ತು ಮಕ್ಕಳಿಗೆ ಹಕ್ಕಿಲ್ಲ”ವೆಂಬ ನೀತಿಯೇ ಕಿತ್ತೂರನ್ನು ನುಂಗಿತೆಂದು ಬರೆಯುತ್ತವೆ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಸಾತಾರೆಯನ್ನು ನುಂಗಿದ್ದು ಅದೇ ವರ್ಷ, ಝಾನ್ಸಿಯನ್ನು ಅದಾದ ಮೇಲೆ. ಕಿತ್ತೂರಿನದು 24 ವರ್ಷ ಹಿಂದಿನ ಮಾತು. ಈ ತಿದ್ದುಪಡಿಯಿಂದ ಚೆನ್ನಮ್ಮನ ಹಿರಿಮೆ ಕುಗ್ಗುವುದಿಲ್ಲ. ನೀತಿಗೊಂದು ಹೆಸರು ಬರುವ ಮೊದಲೇ ಅದರ ಅನ್ಯಾಯವನ್ನು ಕಂಡು ಎದುರಿಸಿದವಳೆಂದು ಅದು ಹೆಚ್ಚಾಗುತ್ತದೆ.

ಅಕ್ಟೋಬರ್ 23ರ ಬೆಳಗ್ಗೆ ಕೋಟೆಯ ಬಾಗಿಲು ಮುಚ್ಚಿತ್ತು. ತೆರೆಯಿರೆಂದು ಥ್ಯಾಕರೆ ಗಡುವು ಕೊಟ್ಟ, ತೋಪುಗಳನ್ನು ಬಾಗಿಲಿಗೆ ತಿರುಗಿಸಿದ. ಬಾಗಿಲು ತೆರೆಯಿತು, ಆದರೆ ಒಳಗಿನಿಂದ ಕಿತ್ತೂರಿನ ಪಡೆ ನುಗ್ಗಿ ಬಂತು. ಥ್ಯಾಕರೆ ಸತ್ತ. ಅವನಿಗೆ ಗುಂಡಿಟ್ಟವನು ಅಮಟೂರು ಬಾಳಪ್ಪನೆಂಬುದು ನಾಡಿನ ನಂಬಿಕೆ. ಅಂದು ಸತ್ತ ಥ್ಯಾಕರೆ, ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ಚಿಕ್ಕಪ್ಪ. 1852ರಲ್ಲಿ ಐತಿಹಾಸಿಕ ಕಾದಂಬರಿಯೊಂದನ್ನು ಬರೆದು ಹೆಸರಾದ ಆ ಲೇಖಕನು ತನ್ನ ಮನೆತನದ ಈ ಕಥೆಯನ್ನು ಬರೆಯದೆ ಬಿಟ್ಟದ್ದು ನಮಗೆ ಒಳ್ಳೆಯದೇ ಆಯಿತೇನೋ.

ಅದೇ ದಿನ ಇಬ್ಬರು ಆಂಗ್ಲರು ಸೆರೆ ಸಿಕ್ಕರು. ಒಬ್ಬ ಸ್ಟೀವನ್‌ಸನ್, ಇನ್ನೊಬ್ಬ ವಾಲ್ಟರ್ ಎಲಿಯಟ್. ಎಲಿಯಟ್‌ನಿಗೆ ಆಗ 21 ವರ್ಷ. ರಾಣಿಯ ವಶದಲ್ಲಿ ಒಂದು ತಿಂಗಳಿಗೂ ಹೆಚ್ಚು ಕಾಲವಿದ್ದ ಈ ಯುವಕನನ್ನು ಜೀವಂತವಾಗಿ ಬಿಟ್ಟುಕೊಡಲಾಯಿತು. ಮುಂದೆ ಅವನು ಏನು ಮಾಡಿದನೆಂಬುದನ್ನು ನಾನು ಕಂಡ ಮಕ್ಕಳ ಕಥೆಗಳಾವುವೂ ಹೇಳಿಲ್ಲ. ಅವನು ಈ ಸೀಮೆಯ ಹಳ್ಳಿಹಳ್ಳಿಗಳಿಂದ ಕನ್ನಡ ಶಿಲಾಶಾಸನಗಳ ಪ್ರತಿಗಳನ್ನು ನೂರಾರು ಸಂಖ್ಯೆಯಲ್ಲಿ ಮಾಡಿಸಿದ. ಚಾಲುಕ್ಯರ ವಂಶಾವಳಿಯನ್ನು ಕಟ್ಟಿಕೊಡುವ ಆರಂಭದ ಯತ್ನಗಳು ಆ ಸಂಗ್ರಹದ ಮೇಲೆ ನಿಂತವು. ಅನಂತರ ಬಂದ ಫ್ಲೀಟನಿಗೂ ಅದು ನೆರವಾಯಿತು. ನಮ್ಮ ಶಾಸನಗಳನ್ನು ಓದಿ ಬಾಳಿದ ನನ್ನಂಥವನಿಗೆ ಕಿತ್ತೂರಿನ ಗೋಡೆಗಳ ನಡುವೆ ಎಲಿಯಟ್‌ನ ನೆನಪಾಗದೆ ಇರದು. ಅಂದು ಕಿತ್ತೂರಿನವರು ಕೋಪದಲ್ಲಿ ಅವನನ್ನೂ ಕೊಂದಿದ್ದರೆ? ಮಕ್ಕಳ ಕಥೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ವಸ್ತು ಬೇರೆ ಬೇಕೆ!

ಊಟದ ಹೊತ್ತಿಗೆ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ರೊಟ್ಟಿಗೆ ಶೇಂಗಾಚಟ್ನಿ ಹಚ್ಚಿಕೊಳ್ಳುತ್ತ ಒಬ್ಬ ಹುಡುಗ, “ಅಜ್ಜಾರ, ಮದ್ದಿನಾಗ ಸಗಣಿ ಕೂಡಿಸಿದ್ದನ್ನ ಯಾರು ನೋಡಿದ್ರು?” ಎಂದ. ಮಲ್ಲಪ್ಪಶೆಟ್ಟಿ ಮತ್ತು ವೆಂಕಟರಾಯರು ಸಿಡಿಮದ್ದಿನಲ್ಲಿ ಸಗಣಿ ಬೆರೆಸಿ ಕಿತ್ತೂರನ್ನು ಸೋಲಿಸಿದರೆಂಬುದು ಅವನು ಓದಿದ ಪುಸ್ತಕದ ಮುಖ್ಯ ಘಟ್ಟ. ಹತ್ತು ವರ್ಷದ ಬಾಲಕ ಕೇಳಿದ ಈ ಪ್ರಶ್ನೆಯು ಇತಿಹಾಸ ಸಂಶೋಧನೆಯ ಮೊದಲ ಪ್ರಶ್ನೆ. ಅವನಿಗೆ ಹೀಗೆ ಹೇಳಿದೆ: “ಅವರಿಬ್ಬರೂ ಇದ್ದದ್ದು ಖರೆ. ಸಂಸ್ಥಾನದ ಕಾರಭಾರವನ್ನು ಥ್ಯಾಕರೆ ಅವರಿಗೆ ಒಪ್ಪಿಸಿದ್ದೂ ಖರೆ. ಸಗಣಿಯ ಮಾತನ್ನು ಜನರು ಹೇಳುತ್ತ ಬಂದಿದ್ದಾರೆ. ಮೊದಲ ಎರಡಕ್ಕೆ ಕಾಗದಪತ್ರ ಉಂಟು, ಮೂರನೆಯದಕ್ಕೆ ಜನರ ಬಾಯಿ ಉಂಟು.” “ಹಂಗಾರ ಸುಳ್ಳೇನ್ರಿ?” ಎಂದು ಅವನ ಅಕ್ಕ ಕೇಳಿದಳು. ಸುಳ್ಳೆಂದು ಹೇಳಲು ನನ್ನ ನಾಲಗೆ ಏಳಲಿಲ್ಲ, ಏಕೆಂದರೆ ಹಾಗೆ ಹೇಳುವುದಕ್ಕೂ ಆಧಾರ ಬೇಕು. ಸೋತ ಜನರು ತಮ್ಮ ಸೋಲಿಗೆ ಕಾರಣ ಹುಡುಕುವಾಗ ತೋಪುಗಳನ್ನು ಎಣಿಸುವುದಕ್ಕಿಂತ ಮೊದಲು ಮನೆಯೊಳಗಿನ ದ್ರೋಹಿಯನ್ನು ಹುಡುಕುತ್ತಾರೆ. ಆ ಮಾತಿನಲ್ಲಿ ಅವರ ಸಂಕಟ ಇದೆ. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಫ್ಲೀಟನು 19ನೆಯ ಶತಮಾನದಲ್ಲಿಯೇ ಸಂಗ್ರಹಿಸಿದ್ದಾನೆ. ಜನರ ಬಾಯಿಯೂ ಒಂದು ಬಗೆಯ ದಾಖಲೆಯೇ, ಅದನ್ನು ಓದುವ ಕ್ರಮ ಮಾತ್ರ ಬೇರೆ.

ನನಗೆ ತಕರಾರಿರುವುದು ಬೇರೆ ಕಡೆಗೆ. ಮಕ್ಕಳ ಕಥೆಗಳಲ್ಲಿ ಹೆಚ್ಚಿನವು ಅಕ್ಟೋಬರ್ 23ರ ಜಯಘೋಷದೊಂದಿಗೆ ಮುಗಿಯುತ್ತವೆ, ಇಲ್ಲವೆ ಡಿಸೆಂಬರನ್ನು ಎರಡು ಸಾಲಿನಲ್ಲಿ ತೇಲಿಸುತ್ತವೆ. ಮಕ್ಕಳಿಗೆ ಸೋಲನ್ನು ಹೇಳಬಾರದೆಂಬ ಭಾವನೆ ನಮ್ಮ ತಂದೆತಾಯಿಗಳಲ್ಲಿಯೂ ಇದೆ. ಹೊರಡುವ ಹಿಂದಿನ ದಿನ ತಾಯಿಯೊಬ್ಬರು, “ಬೈಲಹೊಂಗಲಕ್ಕೆ ಯಾಕ್ರಿ ಅಜ್ಜಾರ, ಸಣ್ಣ ಹುಡುಗರು ಅಳ್ತಾರ” ಎಂದಿದ್ದರು. ಆದರೂ ಕರೆದೊಯ್ದೆ. ಡಿಸೆಂಬರಿನ ಮೊದಲ ವಾರದಲ್ಲಿ ಕಂಪನಿಯ ದೊಡ್ಡ ಸೈನ್ಯದೆದುರು ಕೋಟೆ ಬಿತ್ತು. ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಲ್ಲಿಟ್ಟರು. ನಾಲ್ಕು ವರ್ಷಗಳಾದ ಮೇಲೆ 1829ರ ಫೆಬ್ರುವರಿಯಲ್ಲಿ ಅಲ್ಲಿಯೇ ಆಕೆ ಲಿಂಗೈಕ್ಯಳಾದಳು. ಅವಳ ಹೆಸರಿನಲ್ಲಿ ಹೋರಾಟವನ್ನು ಮುಂದುವರಿಸಿದ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಸಮಾಧಿಯ ಮುಂದೆ ಯಾವ ಮಗುವೂ ಅಳಲಿಲ್ಲ. ಕೋಟೆಯಲ್ಲಿ ಓಡಾಡಿ ಗದ್ದಲವೆಬ್ಬಿಸಿದ್ದ ಹುಡುಗರು ಇಲ್ಲಿ ತಾವಾಗಿಯೇ ಸುಮ್ಮನಾದರು. ನಾಲ್ಕು ವರ್ಷ ಅವಳು ಮಾತಾಡಲು ಯಾರಿದ್ದರೆಂದು ಒಬ್ಬಳು ಕೇಳಿದಳು. ಕಾಗದಪತ್ರಗಳು ಮೌನವಾಗಿರುವ ಇಂಥ ಎಡೆಯಲ್ಲಿಯೇ ಕಥೆಗಾರನಿಗೆ ಕೆಲಸವಿದೆ. ನಮ್ಮ ಲೇಖಕರು ಗೆದ್ದ ದಿನದ ಬಗೆಗೆ ಬರೆದು ಬರೆದು ದಣಿದಿದ್ದಾರೆ. ಈ ನಾಲ್ಕು ವರ್ಷಗಳು ಇನ್ನೂ ಬರೆಯುವವರಿಗಾಗಿ ಕಾದಿವೆ.

2024ರ ಅಕ್ಟೋಬರಿಗೆ ಆ ವಿಜಯಕ್ಕೆ 200 ವರ್ಷ ತುಂಬಿತು. ಪ್ರತಿ ವರ್ಷ ಅದೇ ದಿನಗಳಲ್ಲಿ ಕಿತ್ತೂರು ಉತ್ಸವ ನಡೆಯುತ್ತದೆ. ಮಕ್ಕಳೊಡನೆ ಹೋಗುವವರು ಗದ್ದಲವಿಲ್ಲದ ದಿನವನ್ನು ಆರಿಸಿಕೊಳ್ಳುವುದು ಲೇಸು. ಕೋಟೆಯ ಆವರಣದಲ್ಲಿರುವ ವಸ್ತುಸಂಗ್ರಹಾಲಯವನ್ನು ಮೊದಲು ನೋಡದೆ, ಅರಮನೆಯ ಅವಶೇಷಗಳನ್ನು ಸುತ್ತಿದ ಮೇಲೆ ನೋಡಿರಿ. ದೇಸಾಯಿಯವರ ರಾಜಗುರು ಪೀಠವಾದ ಕಲ್ಮಠಕ್ಕೂ ಹೋಗಿ ಬನ್ನಿರಿ. ಮಕ್ಕಳ ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ.

ನಮ್ಮ ತಂಡದ ಹುಡುಗಿಯೊಬ್ಬಳು ಮರಳುವಾಗ ಬಸ್ಸಿನಲ್ಲಿಯೇ ತನ್ನದೊಂದು ಕಥೆಯನ್ನು ಆರಂಭಿಸಿದಳು. ಅರಮನೆಯ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದ ಬಾಲಕಿಯೊಬ್ಬಳು ಕಾಳಗದ ಹಿಂದಿನ ರಾತ್ರಿ ಬೆಳದಿಂಗಳಿನಲ್ಲಿ ಕೋಟೆಯಿಂದ ಹೊರಗೆ ಸುದ್ದಿ ಒಯ್ಯುವ ಕಥೆ. “ಅವತ್ತು ಬೆಳದಿಂಗಳ ಇತ್ತೇನ್ರಿ ಅಜ್ಜಾರ?” ಎಂದಳು. ಪಂಚಾಂಗದ ಗಣಿತ ಬಲ್ಲವನಾದ್ದರಿಂದ ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ. 1824ರ ಅಕ್ಟೋಬರ್ 23 ದೀಪಾವಳಿಯ ಅಮಾವಾಸ್ಯೆಗೆ ಅಂಟಿಕೊಂಡ ದಿನ. ಕೋಟೆ ಬಿದ್ದದ್ದು ಹೊಸ್ತಿಲ ಹುಣ್ಣಿಮೆಯ ಆಸುಪಾಸಿನಲ್ಲಿ. ಮರುದಿನ ಅವಳಿಗೆ ತಿಳಿಸಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಬೆಳದಿಂಗಳನ್ನು ಹೊಡೆದುಹಾಕಿ, ಆ ಕತ್ತಲೆಯ ದಾರಿಗೆ ಬಾಲಕಿಯ ಕೈಯಲ್ಲಿ ಒಂದು ಹಣತೆ ಕೊಟ್ಟಳು. ಆಮೇಲೆ, ಹಣತೆ ಹಿಡಿದರೆ ಕಾವಲಿನವರು ನೋಡುತ್ತಾರೆಂದು ಅದನ್ನೂ ಹೊಡೆದುಹಾಕಿದಳು.