ಹೂವಿನಿಂದ ಬದುಕು ಕಟ್ಟಿಕೊಂಡವಳ ಊರಿನಲ್ಲಿ

ಲಂಡನ್ ನೋಡಿ ಬಂದವರು ಸಾಮಾನ್ಯವಾಗಿ ಅರಮನೆ, ಗಡಿಯಾರದ ಗೋಪುರ, ಥೇಮ್ಸ್ ನದಿ, ಮೇಣದ ಬೊಂಬೆ ಇವನ್ನೇ ವರ್ಣಿಸುತ್ತಾರೆ. ಅವೆಲ್ಲ ನಾನೂ ನೋಡಿದೆ ಅನ್ನಿ. ಆದರೆ ಓದುಗ ಸೋದರಿಯರೇ, ಇವತ್ತು ನಿಮ್ಮನ್ನು ಬೇರೊಂದು ದಾರಿಯಲ್ಲಿ ಕರೆದೊಯ್ಯುತ್ತೇನೆ. ಅದು ಹೂವಿನ ದಾರಿ. ಆ ದಾರಿಯಲ್ಲಿ ನಡೆದವಳು ಕಾನ್‌ಸ್ಟನ್ಸ್ ಸ್ಪ್ರೈ ಎಂಬ ಹೆಂಗಸು. ಹೂವು ಜೋಡಿಸುವುದನ್ನೇ ಕಸುಬು ಮಾಡಿಕೊಂಡು, ರಾಣಿಯ ಪಟ್ಟಾಭಿಷೇಕದ ಹೂವಿನ ಹೊಣೆ ಹೊರುವವರೆಗೆ ಬೆಳೆದವಳು. ತನ್ನ ಮೊದಲ ಅಂಗಡಿಯ ಬಾಗಿಲು ತೆರೆದಾಗ ಆಕೆಗೆ ನಲವತ್ತೆರಡು ವರ್ಷ. 'ಇನ್ನು ನಮ್ಮಿಂದ ಏನಾದೀತು' ಎಂದು ನಮ್ಮಲ್ಲಿ ಎಷ್ಟೋ ಜನ ಕೈಚೆಲ್ಲಿ ಕೂರುವ ವಯಸ್ಸು!

ನನ್ನ ತಂಗಿ, ಆಕೆಯ ಗಂಡ ಅಲ್ಲಿ ಕೆಲಸದಲ್ಲಿದ್ದಾರೆ. ಬಾಣಂತನಕ್ಕೆಂದು ಎರಡು ತಿಂಗಳು ಹೋಗಿದ್ದೆ. ಮೊದಲು ನೋಡಿದ್ದು ನೈನ್ ಎಲ್ಮ್ಸ್ ಎಂಬಲ್ಲಿರುವ ಹೂವಿನ ಸಗಟು ಮಾರುಕಟ್ಟೆ. ನಸುಕಿನಲ್ಲೇ ಶುರುವಾಗಿ, ಹತ್ತು ಗಂಟೆಯೊಳಗೆ ಎಲ್ಲ ಮುಗಿದುಹೋಗುತ್ತೆ. ಹಿಂದೆ ಈ ಮಾರುಕಟ್ಟೆ ಊರ ನಡುವಿನ ಕೋವೆಂಟ್ ಗಾರ್ಡನ್‌ನಲ್ಲಿತ್ತು. 1974ರಲ್ಲಿ ನದಿಯ ಈಚೆಗೆ ಬಂತು. ಹಳೆಯ ಜಾಗದಲ್ಲಿ ಈಗ ಅಂಗಡಿ, ಹೋಟೆಲುಗಳು.

ನಮ್ಮ ಕಡೆಯ ಹೂವಿನ ಪೇಟೆಯಲ್ಲಿ ಮಲ್ಲಿಗೆ ಕುಕ್ಕೆ, ಸೇವಂತಿಗೆ ರಾಶಿ, ಕನಕಾಂಬರದ ಮೊಳ. ಇಲ್ಲಿ ಹೂವನ್ನು ತೊಟ್ಟಿನಿಂದ ಬಿಡಿಸುವುದೇ ಇಲ್ಲ. ಉದ್ದ ಕಡ್ಡಿ ಸಮೇತ ಕಟ್ಟು ಕಟ್ಟಿ, ಬಕೆಟ್ಟಿನ ನೀರಿನಲ್ಲಿ ನಿಲ್ಲಿಸಿರುತ್ತಾರೆ. ಟ್ಯೂಲಿಪ್, ಗುಲಾಬಿ, ಲಿಲ್ಲಿ, ಬಹಳಷ್ಟು ಹಾಲೆಂಡಿನಿಂದ ಬಂದದ್ದು. ನಮ್ಮ ಹೂವು ಮುಡಿಗೆ ಮತ್ತು ದೇವರಿಗೆ, ಸಂಜೆಯೊಳಗೆ ಅದರ ಋಣ ತೀರಿತು. ಅವರದ್ದು ಮೇಜಿಗೆ ಮತ್ತು ಕಿಟಕಿಗೆ, ವಾರವಾದರೂ ಬಾಳಬೇಕು. ಅದಕ್ಕೇ ಅಲ್ಲಿ ಹೂವು ನಿಲ್ಲಿಸುವುದೂ ಒಂದು ವಿದ್ಯೆ.

ಈ ವಿದ್ಯೆಗೆ ಹೊಸ ದಾರಿ ತೋರಿದ ಕಾನ್‌ಸ್ಟನ್ಸ್ ಹುಟ್ಟಿದ್ದು 1886ರಲ್ಲಿ, ಡರ್ಬಿ ಎಂಬ ಊರಿನಲ್ಲಿ. ಬೆಳೆದದ್ದು ಐರ್ಲೆಂಡಿನಲ್ಲಿ. ಸಿರಿವಂತರ ಮಗಳೇನಲ್ಲ. ಹಳ್ಳಿ ಹಳ್ಳಿಗೆ ಹೋಗಿ ಹೆಂಗಸರಿಗೆ ಪ್ರಥಮ ಚಿಕಿತ್ಸೆ, ರೋಗಿಯ ಆರೈಕೆಯ ಪಾಠ ಹೇಳುತ್ತಿದ್ದಳು. 1910ರಲ್ಲಿ ಗಣಿಯೊಂದರ ಮೇಲ್ವಿಚಾರಕನೊಡನೆ ಮದುವೆಯಾಯಿತು. ಆ ಸಂಸಾರ ಸುಖದ್ದಾಗಿರಲಿಲ್ಲ. ಗಂಡ ಕೈಮಾಡುವವನು. 1916ರಲ್ಲಿ ಪುಟ್ಟ ಮಗನನ್ನು ಕರೆದುಕೊಂಡು ಮನೆ ಬಿಟ್ಟು ಇಂಗ್ಲೆಂಡಿಗೆ ಬಂದಳು. ನೂರು ವರ್ಷದ ಹಿಂದಿನ ಮಾತಿದು. ಗಂಡನನ್ನು ಬಿಟ್ಟು ಬಂದವಳನ್ನು ಆ ದೇಶದಲ್ಲೂ ಯಾರೂ ಆರತಿ ಎತ್ತಿ ಕರೆದುಕೊಳ್ಳುತ್ತಿರಲಿಲ್ಲ. ಮುಂದೆ ಹೆನ್ರಿ ಸ್ಪ್ರೈ ಎಂಬವರ ಜೊತೆ ಬಾಳಿದಳು. ಆ ಹೆಸರೇ ಆಕೆಗೆ ನಿಂತಿತು.

1921ರಲ್ಲಿ ಪೂರ್ವ ಲಂಡನ್ನಿನ ಶಾಲೆಯೊಂದಕ್ಕೆ ಮುಖ್ಯೋಪಾಧ್ಯಾಯಿನಿಯಾದಳು. ಕಾರ್ಖಾನೆಗೆ ದುಡಿಯಲು ಹೋಗುವ ಬಡ ಹುಡುಗಿಯರು ಅಲ್ಲಿ ಕಲಿಯುತ್ತಿದ್ದರು. ಅವರಿಗೆ ಅಡುಗೆ, ಹೊಲಿಗೆ ಹೇಳಿಕೊಡುತ್ತಾ, ಜೊತೆಗೆ ಹೂವು ಜೋಡಿಸುವುದನ್ನೂ ಕಲಿಸಿದಳು. ಹೊಟ್ಟೆಗೇ ಇಲ್ಲದವರಿಗೆ ಹೂವೇಕೆ ಅಂತೀರಾ? ಅಂದವೆನ್ನುವುದು ಹಣವಂತರ ಸ್ವತ್ತಲ್ಲ ಎಂಬುದೇ ಆಕೆಯ ಜೀವನದುದ್ದದ ವಾದ.

1929ರಲ್ಲಿ, ಮೇಷ್ಟರ ಸಂಬಳ ಬಿಟ್ಟು, ಪುಟ್ಟ ಹೂವಿನ ಅಂಗಡಿ ತೆರೆದಳು. ಆ ಕಾಲಕ್ಕೆ ಹೂದಾನಿ ಎಂದರೆ ಒಂದೇ ಬಗೆಯ ದುಬಾರಿ ಹೂವು, ಅದಕ್ಕೊಂದಿಷ್ಟು ಹಸಿರು, ಅಷ್ಟೇ. ಈಕೆ ಬೇಲಿ ಸಾಲಿನ ಬಳ್ಳಿ, ಕಾಡುಹೂವು, ಒಣಗಿದ ಬೀಜದ ಕಾಯಿ, ಕೊನೆಗೆ ಕೋಸಿನ ಜಾತಿಯ ಕೇಲ್ ಸೊಪ್ಪನ್ನೂ ಗುಲಾಬಿಯ ಪಕ್ಕದಲ್ಲಿ ನಿಲ್ಲಿಸಿದಳು! ಓಲ್ಡ್ ಬಾಂಡ್ ಬೀದಿಯ ಸುಗಂಧದ್ರವ್ಯದ ಅಂಗಡಿಯ ಗಾಜಿನ ಕಿಟಕಿಯಲ್ಲಿ ಆಕೆ ಮಾಡಿದ ಅಲಂಕಾರ ನೋಡಲು ಜನ ಮುಗಿಬಿದ್ದರಂತೆ. ಗಂಟೆಗಳ ಗೋಪುರವಿರುವ ಆ ಕಟ್ಟಡ ಇವತ್ತಿಗೂ ಮೂಲೆಯಲ್ಲಿ ನಿಂತಿದೆ. ನಾನು ಹೋದಾಗ ಎದುರಿನ ಕಾಲುದಾರಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದೆ. ಕಾರಿನಿಂದಿಳಿದ ಹೆಂಗಸರು ಚರ್ಮದ ಚೀಲ ನೋಡುತ್ತಾ ಹೋಗುತ್ತಿದ್ದರು. ಕಿಟಕಿಯಲ್ಲಿ ಬೇಲಿಬಳ್ಳಿ ಇರಲಿಲ್ಲ.

ಅಲ್ಲಿಂದ ನಡೆದುಕೊಂಡೇ ಮೇಫೇರ್‌ನ ಸೌತ್ ಆಡ್ಲಿ ಬೀದಿಗೆ ಹೋಗಬಹುದು. 1934ರಲ್ಲಿ ಆಕೆಯ ಅಂಗಡಿ ಈ ಸಿರಿವಂತರ ಬೀದಿಗೆ ಬಂತು. ಆಗ ಆಕೆಯ ಕೈಕೆಳಗೆ ಎಪ್ಪತ್ತು ಜನ. ಅದೇ ವರ್ಷ ಪುಸ್ತಕವನ್ನೂ ಬರೆದಳು, ಹೂವಿನ ಶಾಲೆಯನ್ನೂ ನಡೆಸಿದಳು. ರಾಜಮನೆತನದ ಮದುವೆಗಳಿಗೆ ಕರೆ ಬಂತು. ಸಿಂಹಾಸನ ಬಿಟ್ಟ ಎಂಟನೆಯ ಎಡ್ವರ್ಡ್ 1937ರಲ್ಲಿ ಫ್ರಾನ್ಸಿನಲ್ಲಿ ಮದುವೆಯಾದಾಗ, ಅರಮನೆಗೆ ಒಗ್ಗದ ಮದುವೆ ಎಂದು ತಿಳಿದೂ ಈಕೆ ಹೋಗಿ ಹೂವಿನ ಅಲಂಕಾರ ಮಾಡಿಕೊಟ್ಟಳು.

ಮಹಾಯುದ್ಧ ಬಂದಾಗ ಹೂವು ಕೇಳುವವರಾರು? ಈಕೆ ಕೈಕಟ್ಟಿ ಕೂರಲಿಲ್ಲ. ಮನೆ ಹಿತ್ತಲಲ್ಲೇ ತರಕಾರಿ ಬೆಳೆದು ಅಡುಗೆ ಮಾಡಿ ಎಂದು ಗೃಹಿಣಿಯರಿಗಾಗಿ 1942ರಲ್ಲಿ ಪುಸ್ತಕ ಬರೆದಳು. 1946ರಲ್ಲಿ ಗೆಳತಿ ರೋಸ್‌ಮರಿ ಹ್ಯೂಮ್ ಜೊತೆ ವಿಂಕ್‌ಫೀಲ್ಡ್‌ನಲ್ಲಿ ಅಡುಗೆ, ಹೂವು, ಮನೆವಾರ್ತೆ ಕಲಿಸುವ ಶಾಲೆ ತೆರೆದಳು.

ವೆಸ್ಟ್‌ಮಿನ್‌ಸ್ಟರ್ ಅಬೆ ನೋಡಲು ಹೋದಾಗ ನೆನಪಿಡಿ, 1953ರ ಜೂನ್ 2ರಂದು ಎಲಿಜಬೆತ್ ರಾಣಿಯ ಪಟ್ಟಾಭಿಷೇಕ ನಡೆದದ್ದು ಇಲ್ಲೇ. ಅಬೆಗೆ ಸೇರಿಸಿ ಕಟ್ಟಿದ್ದ ತಾತ್ಕಾಲಿಕ ಕಟ್ಟಡಕ್ಕೂ ಮೆರವಣಿಗೆಯ ದಾರಿಗೂ ಹೂವಿನ ಏರ್ಪಾಡು ನಮ್ಮ ಕಾನ್‌ಸ್ಟನ್ಸಳದ್ದು. ಅದೂ ಸಾಲದು ಅಂತ, ಪರದೇಶದ ಅತಿಥಿಗಳ ಊಟವನ್ನೂ ಆಕೆಯ ಶಾಲೆಯೇ ಒಪ್ಪಿಕೊಂಡಿತ್ತು. ಸುಮಾರು 350 ಜನಕ್ಕೆ! ಮೊದಲೇ ಮಾಡಿಟ್ಟು ತಣ್ಣಗೆ ಬಡಿಸುವಂಥದ್ದು ಬೇಕಿತ್ತು. ಆಗ ಹುಟ್ಟಿದ್ದೇ 'ಕೊರೊನೇಷನ್ ಚಿಕನ್'. ಬೇಯಿಸಿದ ಕೋಳಿಗೆ ಮೊಟ್ಟೆ-ಎಣ್ಣೆಯ ಸಾಸು, ಏಪ್ರಿಕಾಟ್ ಹಣ್ಣಿನ ತಿರುಳು, ಮತ್ತೆ ಕರಿ ಪೌಡರ್! ರಾಣಿಯ ಊಟಕ್ಕೂ ನಮ್ಮ ಕಡೆಯ ಮಸಾಲೆ ವಾಸನೆ ಬೇಕಾಯಿತು ನೋಡಿ. ಇವತ್ತು ಅಲ್ಲಿನ ಯಾವ ಅಂಗಡಿಗೆ ಹೋದರೂ ಬ್ರೆಡ್ಡಿನ ನಡುವೆ ಇದನ್ನಿಟ್ಟು ಮಾರುತ್ತಾರೆ. ನಾವು ಮಾಂಸ ತಿನ್ನದವರು, ರುಚಿ ಹೇಗೋ ತಂಗಿಯ ಗಂಡನನ್ನೇ ಕೇಳಬೇಕು.

1960ರ ಜನವರಿ 3ರಂದು, ವಿಂಕ್‌ಫೀಲ್ಡ್‌ನ ಮೆಟ್ಟಿಲಲ್ಲಿ ಜಾರಿ ಬಿದ್ದು ಆಕೆ ತೀರಿಕೊಂಡಳು. ಮರುವರ್ಷ ಡೇವಿಡ್ ಆಸ್ಟಿನ್ ಎಂಬ ಗುಲಾಬಿ ಬೆಳೆಗಾರರು ತಮ್ಮ ಮೊದಲ ತಳಿಗೆ ಆಕೆಯ ಹೆಸರಿಟ್ಟರು. ಬಟ್ಟಲಿನಂಥ ತಿಳಿಗುಲಾಬಿ ಹೂವು, ಘಮಘಮ ಪರಿಮಳ. ಅರಳುವುದು ಮಾತ್ರ ವರ್ಷಕ್ಕೊಮ್ಮೆ.

ಆದರೂ ಕೇಳಿ. 2004ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂನಲ್ಲಿ ಈಕೆಯ ಬಗ್ಗೆ ಪ್ರದರ್ಶನವಿಟ್ಟಾಗ ದೊಡ್ಡ ಗದ್ದಲವಾಯಿತು. ಮ್ಯೂಸಿಯಂ ಗಂಭೀರ ವಿನ್ಯಾಸವನ್ನು ಬಿಟ್ಟು ಶೋಕಿಯ ಕಡೆ ವಾಲುತ್ತಿದೆ ಎಂದು ಅದರ ಅಧ್ಯಕ್ಷರಾಗಿದ್ದ, ಕಸ ಗುಡಿಸುವ ಯಂತ್ರಕ್ಕೆ ಹೆಸರಾದ ಜೇಮ್ಸ್ ಡೈಸನ್ ರಾಜೀನಾಮೆಯನ್ನೇ ಕೊಟ್ಟರು. ಕಸ ಗುಡಿಸುವ ಯಂತ್ರ ವಿನ್ಯಾಸ, ಗುಡಿಸಿದ ಮನೆಯಲ್ಲಿ ಹೂವಿಡುವುದು ವಿನ್ಯಾಸವಲ್ಲ! ಗಂಡಸು ಮಾಡಿದರೆ ಉದ್ಯೋಗ, ಹೆಂಗಸು ಮಾಡಿದರೆ ಹವ್ಯಾಸ ಎನ್ನುವ ಮಾತು ನಮ್ಮೂರಿಗಷ್ಟೇ ಸೇರಿದ್ದಲ್ಲ ಎಂದು ಆಗ ಅನ್ನಿಸಿತು.

ಕಾಲ ಸುಮ್ಮನೆ ಬಿಡುವುದಿಲ್ಲ ಬಿಡಿ. 2021ರಲ್ಲಿ ನದಿ ದಡದ ಗಾರ್ಡನ್ ಮ್ಯೂಸಿಯಂ ಆಕೆಯ ಬಗ್ಗೆ ಮತ್ತೆ ಪ್ರದರ್ಶನ ನಡೆಸಿತು. ಹಳೆಯ ಚರ್ಚೊಂದರೊಳಗೆ ಇರುವ ಸಂಗ್ರಹಾಲಯವದು. ನೀವು ಹೋದರೆ ತಪ್ಪಿಸಬೇಡಿ. ಆ ಪ್ರದರ್ಶನವನ್ನು ರೂಪಿಸಿದ ಶೇನ್ ಕೊನೊಲಿ ಅವರೇ 2023ರ ಚಾರ್ಲ್ಸ್ ದೊರೆಯ ಪಟ್ಟಾಭಿಷೇಕಕ್ಕೆ ಹೂವು ಜೋಡಿಸಿದವರು. 2011ರ ರಾಜಕುಮಾರ ವಿಲಿಯಂ ಮದುವೆಯಲ್ಲಿ ಅವರು ಅಬೆಯೊಳಗೆ ಜೀವಂತ ಮರಗಳನ್ನೇ ಸಾಲಾಗಿ ನಿಲ್ಲಿಸಿದ್ದರು. ಕಾನ್‌ಸ್ಟನ್ಸ್ ಬಿತ್ತಿದ ಬೀಜವೇ ಅಲ್ಲವೇ?

ಆಕೆಯಿಂದ ನಾವು ಮನೆಗೆ ತರಬಹುದಾದದ್ದನ್ನೂ ಹೇಳಿಬಿಡುತ್ತೇನೆ. ಬೆಲೆಬಾಳುವ ಹೂದಾನಿ ಬೇಡ. ಸಾರಿನ ಬಟ್ಟಲು, ಹಿತ್ತಾಳೆ ಚೊಂಬು, ಹಳೆಯ ಉಪ್ಪಿನಕಾಯಿ ಜಾಡಿ ಸಾಕು. ಹೂವು ನಿಲ್ಲದಿದ್ದರೆ ಕೋಳಿಗೂಡಿಗೆ ಹಾಕುವ ತಂತಿಬಲೆಯ ತುಂಡನ್ನು ಮುದ್ದೆ ಮಾಡಿ ಒಳಗಿಡಿ. ಆಕೆಯೂ ಹಾಗೇ ಮಾಡುತ್ತಿದ್ದಳು. ಕಡ್ಡಿಯ ತುದಿ ಓರೆಯಾಗಿ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆಗಳನ್ನು ಕಿತ್ತುಬಿಡಿ, ಇಲ್ಲವಾದರೆ ನೀರು ಕೊಳೆಯುತ್ತೆ. ದಿನಾ ನೀರು ಬದಲಿಸಿ. ಕ್ರೋಟನ್ ಎಲೆ, ಭತ್ತದ ತೆನೆ, ದಾಸವಾಳದ ರೆಂಬೆ, ಹಿತ್ತಲ ಜರಿಗಿಡ, ಯಾವುದೂ ಕೀಳಲ್ಲ.

ಇನ್ನೊಂದು ಮಾತು. ನಮ್ಮೂರುಗಳಲ್ಲೂ ಮೊಗ್ಗಿನ ಜಡೆ ಹೆಣೆಯುವವರು, ಮದುವೆ ಮಂಟಪಕ್ಕೆ ರಾತ್ರಿಯಿಡೀ ಕೂತು ಹೂವು ಕಟ್ಟುವ ಹೆಂಗಸರು ಇದ್ದಾರೆ. ಅವರ ಬೆರಳಲ್ಲಿರುವುದೂ ಅದೇ ವಿದ್ಯೆ. ಸೀರೆಗೆ ಸಾವಿರಾರು ಸುರಿದು, ಜಡೆಗೆ ಬಂದಾಗ ಐವತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಮುಂದಿನ ಮದುವೆಯಲ್ಲಿ ಆ ಹೆಂಗಸಿನ ಹೆಸರು ಕೇಳಿ, ಕೇಳಿದಷ್ಟು ಕೊಡಿ, ನಾಲ್ಕು ಜನಕ್ಕೆ ಆಕೆಯ ಹೆಸರು ಹೇಳಿ. ಅಂಗಡಿಯ ಬೋರ್ಡು ಅದರಿಂದಲೇ ಏಳುವುದು.